ಹೊನ್ನಾಳಿಯ ದೊಡ್ಡ ಅಕ್ಷರ

ನನ್ನ ಜಾಗಕ್ಕೆ ಹೊಸದಾಗಿ ಬಂದಿರುವ ಹುಡುಗಿ ಈಚೆಗೆ ಫೋನ್ ಮಾಡಿದ್ದಳು. ಚನ್ನಗಿರಿ, ನ್ಯಾಮತಿ, ಜಗಳೂರಿನ ಸರ್ವರ್‌ಗಳೆಲ್ಲ ಒಂದೇ ಥರ ಇವೆ, ಹೊನ್ನಾಳಿಯದರಲ್ಲಿ ಮಾತ್ರ ಒಂದು ಫೋಲ್ಡರ್ ಹೆಚ್ಚಿಗೆ ಇದೆ, ತೆಗೆದುಬಿಡಲೇ ಎಂದು ಕೇಳಿದಳು. ತೆಗೆಯುವ ಮುಂಚೆ ಕೇಳಿದಳಲ್ಲ, ಅಷ್ಟಕ್ಕೇ ನನಗೆ ಅವಳ ಮೇಲೆ ಅಕ್ಕರೆ ಬಂತು. ತೆಗೀಬೇಡಮ್ಮ, ಯಾಕೆ ಅಂತ ಬರೆದು ಕಳಿಸ್ತೀನಿ ಎಂದೆ. ಬರೆಯಲು ಕೂತರೆ ಅದೊಂದನ್ನೇ ಬರೆಯಲಾಗಲಿಲ್ಲ. ಹಿಂದಿನದೆಲ್ಲ ಎದ್ದು ಬಂತು. ಈ ಕೆಲಸಕ್ಕೆ ಬರುವ ಬೇರೆಯವರಿಗೂ ಬೇಕಾದೀತು ಎಂದು ಹಾಗೇ ಬಿಟ್ಟಿದ್ದೇನೆ.

ನಮ್ಮದು ಹಾಲು ಹಾಕುವ ರೈತರದೇ ಒಂದು ಸಹಕಾರ ಸಂಸ್ಥೆ. ನಾಲ್ಕು ತಾಲ್ಲೂಕಿನಲ್ಲೂ ಒಂದೊಂದು ಕರೆ ಕೇಂದ್ರ. ದನಕ್ಕೆ ಕಾಯಿಲೆಯಾದರೆ, ಹಸು ಈಯಲು ಕಷ್ಟಪಟ್ಟರೆ ರೈತರು ಅಲ್ಲಿಗೆ ಫೋನ್ ಮಾಡುತ್ತಾರೆ. ಕೇಂದ್ರದಲ್ಲಿ ಕೂತವರು ಹೆಸರು, ಊರು, ತೊಂದರೆ ಏನು ಎಂದು ಕಂಪ್ಯೂಟರಿನಲ್ಲಿ ತುಂಬಿಸುತ್ತಾರೆ. ಅದು ಸರದಿಯಲ್ಲಿರುವ ಡಾಕ್ಟರ ಮೊಬೈಲಿಗೆ ಮೆಸೇಜಾಗಿ ಹೋಗುತ್ತದೆ. ಡಾಕ್ಟರು ಬೈಕ್ ಹತ್ತುತ್ತಾರೆ. ಇಷ್ಟೇ ಕೆಲಸ. ಇದನ್ನು ನಡೆಸುವ ಪ್ರೋಗ್ರಾಂ ಜಾವಾದಲ್ಲಿ ಬರೆದದ್ದು. ಅದನ್ನು ಹೊತ್ತು ನಿಲ್ಲುವ ಸರ್ವರ್ ಟಾಮ್‌ಕ್ಯಾಟ್. ಅದು ಕೂತಿರುವುದು ಲಿನಕ್ಸ್ ಮೇಲೆ. ಹೆಸರಿನಲ್ಲಿ ಬೆಕ್ಕಿದ್ದದ್ದರಿಂದ ನಮ್ಮ ಕಚೇರಿಯಲ್ಲಿ ಎಲ್ಲರೂ ಅದನ್ನು ಬೆಕ್ಕು ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಬಂದ ಕೂಡಲೇ 'ಬೆಕ್ಕು ಎದ್ದೈತೇನ್ರಿ ಮೇಡಂ?' ಎಂದು ಕೇಳುವುದು ರೂಢಿಯಾಗಿತ್ತು.

ಆಗ ತಾಲ್ಲೂಕು ತಾಲ್ಲೂಕಿನ ನಡುವೆ ಇಂಟರ್ನೆಟ್ ನೆಚ್ಚುವ ಹಾಗಿರಲಿಲ್ಲ. ಹಾಗಾಗಿ ಪ್ರತಿ ಕೇಂದ್ರಕ್ಕೂ ಅದರದೇ ಒಂದು ಸರ್ವರ್. ನಾನು ಬಸ್ಸಿನಲ್ಲಿ ಹೋಗಿ, ಪೆನ್‌ಡ್ರೈವ್‌ನಿಂದ ಕಡತಗಳನ್ನು ಇಳಿಸಿ, ಕೈಯಾರೆ ಜೋಡಿಸಿ ಬರುತ್ತಿದ್ದೆ. ಮೊದಮೊದಲು ಚನ್ನಗಿರಿಯ ನಮ್ಮ ಮುಖ್ಯ ಕಚೇರಿಯಲ್ಲಿ ಸರ್ವರ್ ಅನ್ನು ಒಂದು ಕಪ್ಪು ಕಿಟಕಿ ತೆರೆದು ಅದರೊಳಗಿಂದ ಶುರು ಮಾಡುತ್ತಿದ್ದೆವು. ಆ ಕಿಟಕಿ ಮುಚ್ಚಿದರೆ ಸರ್ವರ್ ಕೂಡ ಸಾಯುತ್ತಿತ್ತು. ಕಚೇರಿಗೆ ಬಂದ ಲೆಕ್ಕಪರಿಶೋಧಕರೊಬ್ಬರು, ಯಾರೋ ಕೆಲಸವಿಲ್ಲದೆ ಇದನ್ನು ತೆರೆದಿಟ್ಟಿದ್ದಾರೆ ಎಂದು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಮುಚ್ಚಿ ಹೋದರು. ಮಧ್ಯಾಹ್ನದವರೆಗೆ ಒಬ್ಬ ಡಾಕ್ಟರಿಗೂ ಮೆಸೇಜು ಹೋಗಲಿಲ್ಲ. ಆಮೇಲೆ ಕಂಪ್ಯೂಟರ್ ಶುರುವಾದ ಕೂಡಲೇ ಸರ್ವರ್ ಕೂಡ ತಾನೇ ಏಳುವಂತೆ ಮಾಡಿದೆವು. ಅದು ಇನ್ನೊಂದು ಫಜೀತಿ ತಂದಿತು.

ಜಗಳೂರಿನಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಕನ್ನಡ ಅಕ್ಷರಗಳು ಹೋಗಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರತೊಡಗಿದವು. ರೈತನ ಹೆಸರು ಪ್ರಶ್ನೆ, ಊರೂ ಪ್ರಶ್ನೆ. ಅಲ್ಲಿಯ ಡಾಕ್ಟರು ಫೋನ್ ಮಾಡಿ, ನಿಮ್ಮ ಸರ್ವರ್ ನನಗೆ ಬರೇ ಪ್ರಶ್ನೆ ಕೇಳ್ತೈತಲ್ರಿ, ಪರೀಕ್ಷೆ ಮುಗಿಯೋದು ಯಾವಾಗ ಎಂದರು. ನಾನು ಬಸ್ಸು ಹಿಡಿದು ಹೋಗಿ ಸರ್ವರ್ ಅನ್ನು ನಿಲ್ಲಿಸಿ ಎಬ್ಬಿಸುತ್ತಿದ್ದೆ. ಕನ್ನಡ ಸರಿಯಾಗಿ ಬರುತ್ತಿತ್ತು. ಊರಿಗೆ ಬರುವಷ್ಟರಲ್ಲಿ ಮತ್ತೆ ಕರೆಂಟು ಹೋಗಿರುತ್ತಿತ್ತು, ಮತ್ತೆ ಪ್ರಶ್ನೆ. ನಾನು ಅಲ್ಲಿದ್ದರೆ ಸರಿ, ಹೊರಟು ಬಂದರೆ ಕೆಡುತ್ತದೆ. ಅಲ್ಲಿಯವರು, ಮೇಡಂ ಕೈಗುಣ ಎಂದು ಹೊಗಳಿದರು.

ಕೈಗುಣ ಏನೂ ಇರಲಿಲ್ಲ. ನಾನು ಲಾಗಿನ್ ಆಗಿ ಎಬ್ಬಿಸಿದಾಗ ನನ್ನ ಲಾಗಿನ್‌ನಲ್ಲಿದ್ದ ಭಾಷೆಯ ಸೆಟ್ಟಿಂಗು ಸರ್ವರ್‌ಗೂ ಸಿಗುತ್ತಿತ್ತು. ಅದು ತಾನೇ ಎದ್ದಾಗ ಯಾವ ಭಾಷೆ ಎಂದು ಹೇಳುವವರೇ ಇರಲಿಲ್ಲ. ಶುರು ಮಾಡುವ ಕಡತದಲ್ಲಿ ಯೂನಿಕೋಡ್ ಎಂದು ಒಂದು ಸಾಲು ಬರೆದ ಮೇಲೆ ನನ್ನ ಜಗಳೂರು ಓಡಾಟ ನಿಂತಿತು. ಇದನ್ನು ಕಂಡುಹಿಡಿದವರು ತಿಪ್ಪೇಸ್ವಾಮಿ ಸರ್.

ತಿಪ್ಪೇಸ್ವಾಮಿ ಸರ್ ನಮ್ಮ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ವಿಭಾಗ ಎಂದರೆ ಅವರು, ನಾನು, ಒಂದು ಬೀರು. ಎರಡೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ಯಾವುದೇ ಆಜ್ಞೆ ಬರೆದ ಮೇಲೆ ಎಂಟರ್ ಒತ್ತುವ ಮುಂಚೆ ಅದನ್ನು ಬಾಯಿಬಿಟ್ಟು ಓದುತ್ತಿದ್ದರು, ಅಂಚೆ ಕಚೇರಿಯಲ್ಲಿ ವಿಳಾಸ ಓದಿದ ಹಾಗೆ. ಹೊಸದರಲ್ಲಿ ನನಗೆ ನಗು ಬರುತ್ತಿತ್ತು. ಕೆಲವು ವರ್ಷದಲ್ಲಿ ನಾನೂ ಓದತೊಡಗಿದೆ. ನೀವೂ ಓದಿ, ಅಳಿಸುವ ಆಜ್ಞೆಯನ್ನಂತೂ ಖಂಡಿತ ಓದಿ.

ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ತಾಲ್ಲೂಕಾದಾಗ ಅಲ್ಲಿಯೂ ಒಂದು ಕೇಂದ್ರ ತೆರೆದೆವು. ಆ ಹೊತ್ತಿಗೆ ಕೈಯಾರೆ ಜೋಡಿಸಿದ ನಮ್ಮ ಸರ್ವರ್‌ಗಳು ಒಂದೊಂದೂ ಒಂದೊಂದು ಥರ ಆಗಿದ್ದವು. ಸರ್ವರ್ ತನ್ನ ಕೆಲಸವನ್ನು ಬರೆದಿಡುವ ದಾಖಲೆ, ಅಂದರೆ ಲಾಗ್, ಚನ್ನಗಿರಿಯಲ್ಲಿ ಒಂದು ಕಡೆ ಬೀಳುತ್ತಿತ್ತು, ಜಗಳೂರಿನಲ್ಲಿ ಇನ್ನೊಂದು ಕಡೆ. ಒಂದರಲ್ಲಿ ಸರ್ವರ್‌ಗೆ ಬೇರೆ ಬಳಕೆದಾರನ ಹೆಸರು, ಇನ್ನೊಂದರಲ್ಲಿ ಎಲ್ಲದಕ್ಕೂ ಅಧಿಕಾರವಿರುವ ರೂಟ್ ಹೆಸರಿನಲ್ಲೇ ಓಡುತ್ತಿತ್ತು. ಅದು ಮನೆಯ ಎಲ್ಲ ಬೀಗದ ಕೈಯನ್ನು ಪೇಪರ್ ಹಾಕುವವನಿಗೆ ಕೊಟ್ಟ ಹಾಗೆ. ನ್ಯಾಮತಿಗೆ ಐದಾರು ಸಲ ಓಡಾಡಿ ನನ್ನ ಸೊಂಟ ಹಿಡಿದುಕೊಂಡಾಗ ಸರ್, ಇನ್ನು ಹಿಂಗೆ ಆಗಾಕಿಲ್ಲ ಎಂದರು. ಎಲ್ಲವನ್ನೂ ಸೇರಿಸಿ ಒಂದು ಪ್ಯಾಕೇಜು ಕಟ್ಟಲು ಕೂತರು.

ಪ್ಯಾಕೇಜು ಎಂದರೆ ಬೇರೇನಲ್ಲ. ಪ್ರೋಗ್ರಾಂ ಎಲ್ಲಿ ಕೂರಬೇಕು, ಸೆಟ್ಟಿಂಗ್ಸ್ ಎಲ್ಲಿ, ಲಾಗ್ ಎಲ್ಲಿ, ಯಾರ ಹೆಸರಿನಲ್ಲಿ ಓಡಬೇಕು, ಎಷ್ಟು ಮೆಮೊರಿ, ಯಾವ ಭಾಷೆ, ಇದೆಲ್ಲವನ್ನೂ ಒಂದು ಗಂಟಿನೊಳಗೆ ಬರೆದಿಡುವುದು. ಹೊಸ ಕಂಪ್ಯೂಟರಿನಲ್ಲಿ ಆ ಗಂಟು ಬಿಚ್ಚು ಎಂದರೆ ಸಾಕು, ಎಲ್ಲ ತನ್ನ ಜಾಗದಲ್ಲಿ ಹೋಗಿ ಕೂರುತ್ತದೆ. ಮೊದಲ ಗಂಟು ನಾಲ್ಕೂ ಕಡೆ ಚೆನ್ನಾಗಿ ಬಿಚ್ಚಿಕೊಂಡಿತು. ಸರ್ ಅವತ್ತು ಬೆಣ್ಣೆ ದೋಸೆ ತರಿಸಿದರು.

ಇಲ್ಲಿ ಚಂದ್ರಕಲಾ ವಿಷಯ ಹೇಳಬೇಕು. ಹೊನ್ನಾಳಿ ಕೇಂದ್ರದಲ್ಲಿ ಫೋನ್ ತೆಗೆದುಕೊಳ್ಳುವವಳು ಅವಳು. ನನಗಿಂತ ತುಂಬ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳೊಂದಿಗೆ ಒಂದು ಕೋಣೆಯ ಮನೆಯಲ್ಲಿದ್ದಳು. ಗಾಬರಿಯಿಂದ ಕೂಗಾಡುವ ರೈತ ಅವಳ ದನಿ ಕೇಳಿದರೆ ಉಸಿರು ಬಿಟ್ಟು ಮಾತಾಡುತ್ತಿದ್ದ. ಅವಳು ಒಂದು ಸಲ ನನ್ನನ್ನು ಪಕ್ಕಕ್ಕೆ ಕರೆದು, ಅಕ್ಕ, ಅಕ್ಷರ ಸ್ವಲ್ಪ ದೊಡ್ಡದು ಮಾಡಾಕೆ ಬರ್ತೈತಾ, ಕನ್ನಡಕ ಬದಲಿಸಬೇಕು, ಅಲ್ಲೀತನಕ ಎಂದಳು. ಅವಳು ಬಳಸುವ ಪುಟದ ಅಕ್ಷರವನ್ನು ದೊಡ್ಡದು ಮಾಡಿ, ಬಣ್ಣ ಕಪ್ಪು ಹಳದಿ ಮಾಡಿ ಬಂದೆ. ಸರ್‌ಗೂ ಹೇಳಿದೆ. ಹೂಂ ಎಂದರು.

ಎರಡನೆಯ ಗಂಟು ಬಂದಾಗ ನಾನು ಮಗಳ ಬಾಣಂತನಕ್ಕೆ ರಜೆಯ ಮೇಲೆ ಜಗಳೂರಿನಲ್ಲಿದ್ದೆ. ಅಷ್ಟರಲ್ಲಿ ಇಂಟರ್ನೆಟ್ ಸುಧಾರಿಸಿತ್ತು. ಸರ್ ಚನ್ನಗಿರಿಯ ತಮ್ಮ ಕುರ್ಚಿಯಲ್ಲೇ ಕೂತು ನಾಲ್ಕೂ ಕಡೆ ಬಿಚ್ಚಿದರು. ಟೀ ಆರೋದ್ರೊಳಗೆ ಮುಗೀತು ಶಾರದಮ್ಮ ಎಂದು ನನಗೆ ಫೋನ್ ಮಾಡಿ ಹೇಳಿದರು. ಅವರ ದನಿಯಲ್ಲಿ ಅಷ್ಟು ಖುಷಿ ಅದಕ್ಕೆ ಮುಂಚೆ ಕೇಳಿರಲಿಲ್ಲ.

ಆ ಗಂಟು ಪ್ರೋಗ್ರಾಂ ಇದ್ದ ಹಳೆಯ ಫೋಲ್ಡರನ್ನು ಪೂರ್ತಿ ತೆಗೆದು ಹೊಸದನ್ನು ಇಟ್ಟಿತು. ಹೊನ್ನಾಳಿಯ ದೊಡ್ಡ ಅಕ್ಷರ ಆ ಫೋಲ್ಡರಿನೊಳಗೇ ಇತ್ತು. ಹೋಯಿತು.

ಚಂದ್ರಕಲಾ ಬೆಳಿಗ್ಗೆ ಬಂದು ನೋಡಿದರೆ ಪರದೆಯ ಮೇಲೆ ಇರುವೆ ಸಾಲು. ಅವಳು ಯಾರಿಗೂ ಹೇಳಲಿಲ್ಲ. ಮೇಲಿನವರೇ ತೆಗೆದಿದ್ದಾರೆ ಅಂದರೆ ಕಾರಣ ಇರುತ್ತದೆ, ಕೇಳಿದರೆ ಕಣ್ಣಿನ ಮಾತು ಬರುತ್ತದೆ ಎಂದು ಸುಮ್ಮನಾದಳು. ಊರುಗಳ ಪಟ್ಟಿ ಅವಳಿಗೆ ಬಾಯಿಪಾಠವಾಗಿತ್ತು. ಬಾಣದ ಗುರುತಿನ ಕೀಲಿಯನ್ನು ಇಷ್ಟು ಸಲ ಒತ್ತಿದರೆ ಇಂಥ ಊರು ಎಂದು ಎಣಿಸಿಕೊಂಡು ತುಂಬಿಸತೊಡಗಿದಳು. ಹೊಸ ಗಂಟಿನಲ್ಲಿ ಸರ್ ಪಟ್ಟಿಯ ನಡುವೆ ಒಂದು ಹೊಸ ಊರು ಸೇರಿಸಿದ್ದರು. ಅದು ಅವಳಿಗೆ ಗೊತ್ತಿರಲಿಲ್ಲ. ಆ ಊರಿನ ಕೆಳಗಿದ್ದದ್ದೆಲ್ಲ ಒಂದು ಸಾಲು ಜಾರಿತ್ತು.

ಅವತ್ತೇ ಮಧ್ಯಾಹ್ನ ಸಾಸ್ವೆಹಳ್ಳಿಯಿಂದ ಹಾಲೇಶಪ್ಪ ಎನ್ನುವವರು ಫೋನ್ ಮಾಡಿದರು. ಅವರ ಹಸು ಬೆಳಿಗ್ಗೆಯಿಂದ ತಿಣುಕುತ್ತಿತ್ತು, ಕರುವಿನ ಒಂದು ಕಾಲು ಮಾತ್ರ ಕಾಣುತ್ತಿತ್ತು. ಅಕ್ಕಪಕ್ಕದವರು ಹಗ್ಗ ಕಟ್ಟಿ ಎಳೆಯಲು ಸಿದ್ಧರಾಗಿದ್ದರು. ಚಂದ್ರಕಲಾ ವಿವರ ತುಂಬಿಸಿ ಮೆಸೇಜು ಕಳಿಸಿದಳು. ಆದರೆ ಫೋನ್ ಇಡಲಿಲ್ಲ. "ಅಣ್ಣ, ಎಳೀಬೇಡ್ರಿ. ಡಾಕ್ಟ್ರು ಬರ್ತಾರೆ. ಅಲ್ಲೀತನಕ ನಾನು ಫೋನ್‌ನಾಗೇ ಇರ್ತೀನಿ," ಎಂದಳು. ಹಾಲೇಶಪ್ಪ ಸ್ಪೀಕರ್ ಹಾಕಿ ಫೋನನ್ನು ಕೊಟ್ಟಿಗೆಯ ಗೂಡಿನಲ್ಲಿಟ್ಟು ಹಸುವಿನ ಮುಖ ಸವರುತ್ತ ಕೂತರು. ಯಾರಾದರೂ ಹಗ್ಗ ಎತ್ತಿಕೊಂಡ ಸದ್ದಾದರೆ ಇವಳು ಇಲ್ಲಿಂದ ಬೇಡ ಎನ್ನುವಳು.

ಅವತ್ತು ಸರದಿಯಲ್ಲಿದ್ದ ಡಾಕ್ಟರ್ ಫೈರೋಜ್ ಅವರಿಗೆ ಹೋದ ಮೆಸೇಜಿನಲ್ಲಿ ಪಟ್ಟಿಯ ಪಕ್ಕದ ಸಾಲಿನ ಊರಿತ್ತು. ಅದು ತಾಲ್ಲೂಕಿನ ಇನ್ನೊಂದು ಮೂಲೆ. ಅವರು ಅಲ್ಲಿಗೆ ಹೋಗಿ ಹಾಲೇಶಪ್ಪನವರ ಮನೆ ಕೇಳಿದರು. ನಮ್ಮ ಕಡೆ ಹಾಲೇಶಪ್ಪ ಇಲ್ಲದ ಊರಿಲ್ಲ, ಒಬ್ಬರು ಸಿಕ್ಕರು. ಅವರ ಹಸು ನೆರಳಿನಲ್ಲಿ ಮೆಲುಕು ಹಾಕುತ್ತ ನಿಂತಿತ್ತು. ಡಾಕ್ಟರು ರೈತನ ನಂಬರಿಗೆ ಹಚ್ಚಿದರೆ ಬಿಜಿ, ಕೇಂದ್ರಕ್ಕೆ ಹಚ್ಚಿದರೂ ಬಿಜಿ. ಇಬ್ಬರೂ ಒಬ್ಬರಿಗೊಬ್ಬರು ಮಾತಾಡುತ್ತಿದ್ದರಲ್ಲ. ಕೊನೆಗೆ ಚಂದ್ರಕಲಾಳೇ, ಡಾಕ್ಟರು ಇನ್ನೂ ಬರಲಿಲ್ಲವೇಕೆ ಎಂದು ತನ್ನ ಮೊಬೈಲಿನಿಂದ ಅವರಿಗೆ ಮಾಡಿದಾಗ ವಿಷಯ ತಿಳಿಯಿತು. ಡಾಕ್ಟರು ಬೈಕ್ ತಿರುಗಿಸಿ ಹೊಳೆ ದಂಡೆಯ ಸಾಸ್ವೆಹಳ್ಳಿ ಮುಟ್ಟುವ ಹೊತ್ತಿಗೆ ಬಹಳ ತಡವಾಗಿತ್ತು. ಕರು ಉಳಿಯಲಿಲ್ಲ. ಹಸು ಉಳಿಯಿತು.

ಚಂದ್ರಕಲಾ ಅವತ್ತೇ ಸರ್‌ಗೆ ಫೋನ್ ಮಾಡಿ ತಪ್ಪು ನನ್ನದು ಎಂದಳು. ಏನು, ಹೇಗೆ ಎಂದು ಹೇಳಲಿಲ್ಲ. ಸರ್ ನನಗೆ ಫೋನ್ ಮಾಡಿದರು. ಬಾಣಂತಿ ಮಗು ಇಬ್ಬರೂ ಚೆನ್ನಾಗಿದ್ದರು, ಬೀಗಿತ್ತಿ ಮನೆಯಲ್ಲಿದ್ದರು. ಮಾರನೆಯ ದಿನ ನಾನು ಜಗಳೂರಿನಿಂದ, ಅವರು ಚನ್ನಗಿರಿಯಿಂದ ಹೊನ್ನಾಳಿಗೆ ಹೋದೆವು.

ಸರ್ ಅವಳನ್ನು ಬೈಯಲಿಲ್ಲ. ನಿನ್ನೆ ಹೇಗೆ ತುಂಬಿಸಿದಿರೋ ಹಾಗೇ ಒಂದು ಸಲ ತುಂಬಿಸಿ ಎಂದರು. ಅವಳು ಕುರ್ಚಿ ಎಳೆದುಕೊಂಡು ಮುಖವನ್ನು ಪರದೆಯ ಹತ್ತಿರ ಒಯ್ದಳು. ಇನ್ನೂ ಹತ್ತಿರ. ಮೂಗು ಗಾಜಿಗೆ ತಾಗಿತು. ಆಮೇಲೆ ಹಿಂದೆ ಸರಿದು, ಕಣ್ಣು ಮುಚ್ಚಿ, ತುಟಿಯಲ್ಲೇ ಎಣಿಸುತ್ತ ಕೀಲಿ ಒತ್ತಿದಳು. ಸರ್ ನೋಡುತ್ತ ನಿಂತಿದ್ದರು.

ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಅವಳು ಆಗ ಎಲ್ಲ ಹೇಳಿದಳು. ಕಣ್ಣಿನ ನರ ಒಣಗುತ್ತಿದೆ, ಇದಕ್ಕೆ ಔಷಧಿ ಇಲ್ಲ, ದೃಷ್ಟಿ ಹೋಗುವುದು ನಿಧಾನ ಆಗಬಹುದು ಅಷ್ಟೇ ಎಂದು ಶಿವಮೊಗ್ಗದ ಡಾಕ್ಟರು ಯಾವತ್ತೋ ಹೇಳಿದ್ದರಂತೆ. "ಕಣ್ಣು ಕಾಣ್ದೋಳಿಗೆ ಕಂಪ್ಯೂಟರ್ ಕೆಲಸ ಯಾರ್ ಕೊಡ್ತಾರೆ ಸರ್. ಅದಕ್ಕೇ ಹೇಳಲಿಲ್ಲ. ಒಂದು ಕರು ಹೋತು ನನ್ನಿಂದ," ಎಂದಳು.

ಸರ್ ಅವಳ ಪಕ್ಕದ ಸ್ಟೂಲಿನ ಮೇಲೆ ಕೂತರು. "ನಿಮ್ಮ ಎಣಿಕೆ ಸರಿಯಾಗೇ ಐತೆ ತಾಯಿ," ಎಂದರು. "ಸಾಲು ಬದಲಿಸಿದೋನು ನಾನು. ದೊಡ್ಡ ಅಕ್ಷರ ಇಟ್ಟೀನಿ ಅಂತ ಶಾರದಮ್ಮ ನನಗೆ ಹೇಳಿದ್ರು. ಗಂಟು ಕಟ್ಟೋವಾಗ ನಾನು ನೆನೆಸಲಿಲ್ಲ."

ಮೇಲಧಿಕಾರಿ ಹಾಗೆ ಹೇಳಿದ್ದನ್ನು ನನ್ನ ಇಡೀ ನೌಕರಿಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಚಂದ್ರಕಲಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಸರ್ ಅಲ್ಲಿಗೇ ಬಿಡಲಿಲ್ಲ. ಹಾಲೇಶಪ್ಪನವರನ್ನು ನೋಡಬೇಕು ಎಂದು ನಮ್ಮಿಬ್ಬರನ್ನೂ ಕರೆದುಕೊಂಡು ಸಾಸ್ವೆಹಳ್ಳಿಗೆ ಹೋದರು. ಅವರು ಜಗಳಕ್ಕೆ ಬರುತ್ತಾರೆ ಎಂದು ನಾನು ಎಣಿಸಿದ್ದೆ. ಅವರು ಚಾಪೆ ಹಾಸಿ ಕೂರಿಸಿದರು. ಸರ್ ನಡೆದದ್ದನ್ನು ಮುಚ್ಚಿಡದೆ ಹೇಳಿ ಕೈಮುಗಿದರು. ಕರು ಹೆಣ್ಣಾಗಿತ್ತಂತೆ, ಅದನ್ನು ಅವರ ಹೆಂಡತಿ ಎರಡು ಸಲ ಹೇಳಿದರು. ಆಮೇಲೆ ಹಾಲೇಶಪ್ಪ ಚಂದ್ರಕಲಾ ಕಡೆ ತಿರುಗಿ, ಫೋನಿನಲ್ಲಿ ಇದ್ದವಳು ನೀನೇ ಏನಮ್ಮ ಎಂದು ಕೇಳಿದರು. ಹೌದು ಎಂದಳು. "ನೀನು ಬ್ಯಾಡ ಅನ್ನದಿದ್ರೆ ಎಳೆದುಬಿಡ್ತಿದ್ವಿ. ಎಳೆದಿದ್ರೆ ಹಸೂನೂ ಉಳೀತಿರ್ಲಿಲ್ಲ ಅಂತ ಡಾಕ್ಟ್ರೇ ಅಂದ್ರು," ಎಂದರು. ಅವಳನ್ನು ಕೊಟ್ಟಿಗೆಗೆ ಕರೆದೊಯ್ದು, ಹಸುವಿನ ಕೊರಳ ಮೇಲೆ ಅವಳ ಕೈ ಇಡಿಸಿದರು. ಕೊಟ್ಟಿಗೆಯ ಮಬ್ಬಿನಲ್ಲಿ ಅವಳಿಗೆ ಹಸು ಕಾಣುತ್ತಿರಲಿಲ್ಲ ಎನ್ನುವುದು ಅವರಿಗೂ ಅರ್ಥವಾಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಸರ್ ಅವಳನ್ನು ಕೇಳಿದರು: ನಿಮ್ಮ ಕಣ್ಣಿನ ವಿಷಯ ಆಡಳಿತ ಮಂಡಳಿಗೆ ಹೇಳಲೋ ಬೇಡವೋ, ನೀವು ಹೇಳಿದ ಹಾಗೆ. ಅವಳು, ಹೇಳ್ರಿ, ಮುಚ್ಚಿಡೋದೇ ದೊಡ್ಡ ಕೆಲಸ ಆಗೈತೆ ಎಂದಳು. ಮಂಡಳಿಯಲ್ಲಿ ಕೆಲವರು ಅವಳನ್ನು ಬಿಡಿಸಿ ಎಂದರು. ಸರ್ ಯುಗಾದಿಯವರೆಗೆ ಸಮಯ ಕೇಳಿದರು. ಅಷ್ಟರಲ್ಲಿ ಅವಳು ಒಂದೂ ಊರು ತಪ್ಪದೆ ತುಂಬಿಸುವುದನ್ನು ಕಲಿಯದಿದ್ದರೆ ನಿಮ್ಮ ಮಾತಿನಂತೆ ಆಗಲಿ ಎಂದರು.

ನಾನು ಎಳೆಯರಿಗೆ ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ. ಪ್ಯಾಕೇಜು ಕಟ್ಟುವಾಗ ಎರಡು ಪಾಲು ಮಾಡಿ. ಎಲ್ಲ ಊರಿಗೂ ಒಂದೇ ಇರಬೇಕಾದದ್ದು ಗಂಟಿನೊಳಗೆ. ಆಯಾ ಊರಿಗೆ, ಆಯಾ ಮನುಷ್ಯರಿಗೆ ಸೇರಿದ್ದು ಬೇರೆ ಫೋಲ್ಡರಿನಲ್ಲಿ. ಅದನ್ನು ಸೆಟ್ಟಿಂಗ್ಸ್ ಎಂದು ಗುರುತು ಮಾಡಿದರೆ, ಹೊಸ ಗಂಟು ಬಂದಾಗ ಅದು ತನ್ನಷ್ಟಕ್ಕೇ ಅದರ ಮೇಲೆ ಕೈ ಇಡುವುದಿಲ್ಲ. ಇದ್ದದ್ದನ್ನೇ ಇಟ್ಟುಕೊಳ್ಳಲೇ, ಹೊಸದನ್ನು ಹಾಕಲೇ ಎಂದು ಕೇಳುತ್ತದೆ. ಮೂರನೆಯ ಗಂಟನ್ನು ಸರ್ ಹಾಗೆ ಕಟ್ಟಿದರು. ಹೊನ್ನಾಳಿಯ ಆ ಹೆಚ್ಚಿನ ಫೋಲ್ಡರ್ ಹುಟ್ಟಿದ್ದು ಆಗ.

ಆದರೆ ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಒಂದು ದಿನ ಸಾಲದಾಗುತ್ತಿತ್ತು. ಹಾಗಾಗಿ ಪರದೆಯಲ್ಲಿರುವುದನ್ನು ಕನ್ನಡದಲ್ಲಿ ಓದಿ ಹೇಳುವ ಸಾಫ್ಟ್‌ವೇರ್ ಹಾಕಿದೆವು. ಲಿನಕ್ಸಿನಲ್ಲಿ ಅದು ಪುಕ್ಕಟೆ ಸಿಗುತ್ತದೆ. ಅದರ ಸೆಟ್ಟಿಂಗ್ಸನ್ನೂ ಹೊನ್ನಾಳಿಯ ಆ ಫೋಲ್ಡರಿನಲ್ಲೇ ಇಟ್ಟೆವು, ಅದಕ್ಕೇ ಅದನ್ನು ಇವತ್ತಿಗೂ ತೆಗೆಯಬಾರದು. ಆ ಸಾಫ್ಟ್‌ವೇರಿನ ದನಿ ಡಬ್ಬದೊಳಗಿನಿಂದ ಮಾತಾಡಿದ ಹಾಗಿತ್ತು. ಚನ್ನಗಿರಿ ಕಡೆಯ ತ್ಯಾವಣಿಗೆ ಎನ್ನುವ ಊರಿನ ಹೆಸರನ್ನು ಅದು ಒಡೆದು ಒಡೆದು ಹೇಳಿದ್ದು ಕೇಳಿ ಚಂದ್ರಕಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕರು ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಕಲಿಯುವುದು ಸುಲಭವಿರಲಿಲ್ಲ. ಎರಡು ಸಲ ಕೆಲಸ ಬಿಡುತ್ತೇನೆ ಎಂದು ಅತ್ತಳು. ನನ್ನ ಮುಂದೆ ಅತ್ತು, ಮುಖ ತೊಳೆದು, ಮತ್ತೆ ಕೂತಳು.

ಸರ್ ತಾವೂ ಪರೀಕ್ಷೆ ಮಾಡಿದರು. ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕಿವಿಗೆ ಹೆಡ್‌ಫೋನ್ ಹಾಕಿ, ತಾವೇ ಕಟ್ಟಿದ ಪುಟದಲ್ಲಿ ಒಂದು ಕರೆ ತುಂಬಿಸಲು ಕೂತರು. ಅರ್ಧ ದಾರಿಯಲ್ಲಿ ಎಲ್ಲಿದ್ದೇನೆ ಎಂದೇ ತಿಳಿಯದೆ ಟವೆಲ್ ಬಿಚ್ಚಿ, ಇದನ್ನ ಯಾವ ಪುಣ್ಯಾತ್ಮ ಮಾಡಿದ್ದು ಎಂದರು. ಆಮೇಲೆ ಪುಟವನ್ನೇ ಬದಲಿಸಿದರು. ಉದ್ದನೆಯ ಪಟ್ಟಿ ಹೋಯಿತು. ಊರಿನ ಮೊದಲ ಅಕ್ಷರಗಳನ್ನು ಹೊಡೆದರೆ ಪೂರ್ತಿ ಹೆಸರನ್ನು ಯಂತ್ರ ಓದಿ ಹೇಳುತ್ತದೆ, ಅದನ್ನು ಕೇಳಿದವಳು ರೈತನಿಗೆ ಇನ್ನೊಮ್ಮೆ ಹೇಳಿ ಹೌದಾ ಎಂದು ಕೇಳಿ ಮುಂದೆ ಹೋಗುತ್ತಾಳೆ. ಹಾಗೆ ಕೇಳುವ ರೂಢಿಯನ್ನು ನಾಲ್ಕೂ ಕೇಂದ್ರಕ್ಕೆ ತಂದೆವು. ಊರು ತಪ್ಪಿ ಹೋಗುವುದು ಎಲ್ಲ ಕಡೆಯೂ ಕಡಿಮೆಯಾಯಿತು.

ಯುಗಾದಿಯ ಮುಂಚೆ ಮಂಡಳಿಯವರು ಹೊನ್ನಾಳಿಗೆ ಬಂದರು. ಚಂದ್ರಕಲಾ ಅವರನ್ನು ಕೂರಿಸಿ, ಕ್ಷಮಿಸ್ರಿ, ಫೋನ್ ಬರ್ತೈತೆ ಎಂದು ಮೂರು ಕರೆ ತೆಗೆದುಕೊಂಡಳು. ಅವಳನ್ನು ಬಿಡಿಸಿ ಎಂದಿದ್ದವರಲ್ಲೊಬ್ಬರು ಹೊರಗೆ ಬಂದು, ನಮ್ಮ ಹಸೂಗೂ ಇವಳೇ ಫೋನ್ ಎತ್ತಲಿ ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ತಿಪ್ಪೇಸ್ವಾಮಿ ಸರ್ ಈಗಿಲ್ಲ. ನಿವೃತ್ತಿಯಾಗಿ ಸ್ವಲ್ಪ ಕಾಲಕ್ಕೇ ಹೋದರು. ಅವರಿಗೆ ಬಂದ ಸನ್ಮಾನ, ಬಡ್ತಿ ಯಾವುದೂ ನನಗೆ ನೆನಪಿಲ್ಲ. ಆ ಸ್ಟೂಲಿನ ಮೇಲೆ ಕೂತದ್ದು ನೆನಪಿದೆ.

ನನ್ನ ಕೊನೆಯ ವಾರದಲ್ಲಿ ನಾಲ್ಕೂ ಕೇಂದ್ರಕ್ಕೆ ಹೇಳಿ ಬರಲು ಹೋದೆ. ಹೊನ್ನಾಳಿಗೆ ಹೋದಾಗ ಚಂದ್ರಕಲಾಗೆ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಬಾಗಿಲಲ್ಲಿ ನನ್ನ ಚಪ್ಪಲಿ ಸದ್ದಿಗೇ ಎದ್ದು ನಿಂತಳು. ಮಗಳು ಕಾಲೇಜಿಗೆ ಸೇರಿದ್ದು, ಹೊಸ ಮನೆ, ಎಲ್ಲ ಹೇಳಿದಳು. ಮಾತಿನ ನಡುವೆ, ಅಕ್ಕ, ಒಂದು ಕೇಳಲಾ ಎಂದಳು. ಕೇಳು ಎಂದೆ. ನಿಮ್ಮ ಕೂದಲು ಈಗ ಹೆಂಗೈತೆ ಎಂದು ಕೇಳಿದಳು.

ಪೂರ್ತಿ ಬೆಳ್ಳಗಾಗೈತೆ ಕಣೆ, ಹಲ್ಲೂ ಎರಡು ಹೋದವು ಎಂದೆ.

ಅವಳು ಕೈಚಾಚಿ ನನ್ನ ತಲೆ ಮುಟ್ಟಿ, ಹಣೆಯಿಂದ ಜಡೆಯವರೆಗೆ ಸವರಿದಳು. "ನನಗೆ ನೀವು ಅಕ್ಷರ ದೊಡ್ಡದು ಮಾಡಾಕೆ ಬಂದಿದ್ರಲ್ಲ, ಆವತ್ತಿನ ಹಂಗೇ ಇದ್ದೀರಿ," ಎಂದಳು. "ಕಪ್ಪು ಕೂದಲು, ಹಸಿರು ಸೀರೆ. ಇನ್ನು ಮ್ಯಾಲೂ ಹಂಗೇ ಇರ್ತೀರಿ."

ಅಷ್ಟರಲ್ಲಿ ಫೋನ್ ಬಂತು. ನನ್ನ ತಲೆಯ ಮೇಲಿದ್ದ ಕೈಯನ್ನು ತೆಗೆಯದೆ, ಇನ್ನೊಂದು ಕೈಯಿಂದ ಅದನ್ನೆತ್ತಿ, "ಹೇಳ್ರಿ ಅಣ್ಣ, ಯಾವೂರು?" ಎಂದಳು.